ಮೂಲೆಯ ಮಗ್ಗ

"ಕೇಳಿರಪ್ಪಾ ಕೇಳಿ! ಸೋಮಗಿರಿ ಅರಮನೆಯ ಮಗ್ಗದ ಮನೆಗೆ ಹೊಸ ಮೇಸ್ತ್ರಿ ಬೇಕು. ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಆ ಪಟ್ಟ, ತಪ್ಪಿದವನಿಗೆ ತಲೆದಂಡ!"

ಡಂಗುರಕ್ಕೆ ಕಾರಣವಿತ್ತು. ಅಲ್ಲಿನ ನಲವತ್ತು ನೇಕಾರರು ದಿನಾ ಕಚ್ಚಾಡುತ್ತಿದ್ದರು. ಮೊನ್ನೆ ಯಾರೋ ಬೀಸಿದ ಲಾಳಿಗೆ ಒಬ್ಬನ ಹಣೆ ಒಡೆದಿತ್ತು. ದೊರೆಯ ಮಗಳು ಚಿನ್ನಾಂಬೆ ಅಮ್ಮಣ್ಣಿ ಒಂದು ದಿನವಿಡೀ ಅಲ್ಲಿ ಸುಮ್ಮನೆ ಕೂತು ನೋಡಿ, ಬಂದು ಒಗಟು ಕಟ್ಟಿದ್ದಳು.

ಮೊದಲನೆಯದು ಹೀಗಿತ್ತು: ಬೆಳಗಾದರೆ ಕರೆಯದೆ ಬರುತ್ತದೆ, ಕೆಲವರ ತೊಡೆಯೇರಿ ಕೂರುತ್ತದೆ, ಉಳಿದವರತ್ತ ತಿರುಗಿಯೂ ನೋಡುವುದಿಲ್ಲ. ಆಸ್ಥಾನದ ಪಂಡಿತರೊಬ್ಬರು ಗಡ್ಡ ನೀವಿ ಅದೃಷ್ಟ ಎಂದರು. ದಳವಾಯಿಯ ಅಳಿಯ ಬೆಕ್ಕು ಎಂದ. ಇಬ್ಬರನ್ನೂ ಸೆರೆಮನೆಗೆ ಹಾಕಿದರು. ಮರುದಿನ ಅವರ ತಲೆ ಉರುಳುವುದಿತ್ತು.

ಆಮೇಲೆ ಮುಂದೆ ಬಂದವನು ಚೌಡ. ಮಗ್ಗದ ಮನೆಯ ಕತ್ತಲ ಮೂಲೆಯಲ್ಲಿ ಐದು ವರ್ಷ ನೇಯ್ದು ಅವನ ಕಣ್ಣು ಮಂಜಾಗತೊಡಗಿತ್ತು. ಇನ್ನೊಂದು ವರ್ಷ ಅಲ್ಲೇ ಕೂತರೆ ಎಳೆಯೇ ಕಾಣದು. ಕಣ್ಣು ಹೋದ ಮೇಲೆ ತಲೆ ಇದ್ದೇನು ಮಾಡಲಿ ಎಂದುಕೊಂಡೇ ಬಂದಿದ್ದ.

"ಬೆಳಕು, ಅಮ್ಮಣ್ಣಿ," ಎಂದ. ಈಗಿನ ಮೇಸ್ತ್ರಿ ಲಕ್ಕಣ್ಣನ ನೆಂಟರೆಲ್ಲ ಕಿಟಕಿಯ ಪಕ್ಕ ಕೂರುತ್ತಾರೆ, ಕತ್ತಲಲ್ಲಿರುವವರ ಎಳೆ ತಪ್ಪುತ್ತದೆ, ಬೈಗುಳವೂ ಅವರಿಗೇ ಎಂದು ವಿವರಿಸಿದ.

ಬಾಯಲ್ಲಿ ಕಟ್ಟಿಟ್ಟರೆ ಕೈಯಲ್ಲಿ ಬಿಚ್ಚಿಕೊಳ್ಳುವುದು ಯಾವುದು ಎಂದು ಚಿನ್ನಾಂಬೆ ತಲೆದೂಗಿ ಎರಡನೆಯ ಒಗಟು ಕೇಳಿದಳು.

"ಹೇಳಿಕೊಳ್ಳೋಕಾಗದ ದೂರು. ಮೇಸ್ತ್ರಿಗೆ ಎದುರಾಡೋಕಾಗಲ್ಲ, ಪಕ್ಕದವನ ಮೇಲೆ ಲಾಳಿ ಬೀಸ್ತೀವಿ."

"ಜಗಳದ ಬೀಜ ಬಿತ್ತಿದವನು ಮಗ್ಗದ ಮನೆಗೆ ಕಾಲೇ ಇಟ್ಟಿಲ್ಲ. ಯಾರವನು?" ಎಂದು ಚಿನ್ನಾಂಬೆ ಮೂರನೆಯದನ್ನು ಕೇಳಿದಳು.

ಚೌಡನಿಗೆ ಉತ್ತರ ಗೊತ್ತಿತ್ತು, ಹೇಳಿದರೂ ತಲೆ ಹೋಗಬಹುದಿತ್ತು. ಸಭೆಯಲ್ಲಿ ಕೂತಿದ್ದ ದೊರೆಯ ಕಡೆ ತಿರುಗಿ ಕೈಮುಗಿದ.

"ತಾವೇ, ಬುದ್ಧಿ. ಪ್ರತಿ ಯುಗಾದಿಗೆ ಯಾರು ಎಲ್ಲಿ ಕೂರಬೇಕು ಅಂತ ಲಕ್ಕಣ್ಣ ಓಲೆ ತರ್ತಾನೆ. ತಾವು ಓದದೇ ಮುದ್ರೆ ಒತ್ತುತ್ತೀರಿ. ಆಮೇಲೆ ನಾವು ಯಾರ ಹತ್ರ ಹೋಗೋಣ?"

ಅದೇ ಸರಿಯುತ್ತರ ಎಂದು ಚಿನ್ನಾಂಬೆ ಮೆಲ್ಲಗೆ ಹೇಳಿದಳು. ದೊರೆ ಎದ್ದು ನೆಟ್ಟಗೆ ಮಗ್ಗದ ಮನೆಗೆ ನಡೆದ. ಚೌಡನ ಮೂಲೆಯಲ್ಲಿ ಕೂತು ಹರಿದ ಎಳೆಯೊಂದನ್ನು ಕೂಡಿಸಲು ನೋಡಿದ. ಎಷ್ಟು ಹೊತ್ತಾದರೂ ಆಗಲಿಲ್ಲ. ಹೊರಗೆ ಬಂದಾಗ ಅವನ ಮುಖ ಸಣ್ಣಗಾಗಿತ್ತು. ಸೆರೆಯಲ್ಲಿದ್ದವರನ್ನು ಬಿಡಿಸಿ, ಚೌಡನಿಗೆ ಮೇಸ್ತ್ರಿ ಪಟ್ಟ ಕಟ್ಟಿದ.

ಅಮಾವಾಸ್ಯೆಗೊಮ್ಮೆ ಎಲ್ಲರ ಜಾಗ ಬದಲಾಗಬೇಕು ಎಂಬುದು ಚೌಡನ ಮೊದಲ ಅಪ್ಪಣೆ. ಈಗ ಬರೀ ನೇಕಾರನಾಗಿದ್ದ ಲಕ್ಕಣ್ಣನಿಗೂ ಮೂಲೆಯ ಸರದಿ ಬಂತು. ಮೂರನೆಯ ದಿನವೇ ಅವನು, ಈ ಗೋಡೆಗೊಂದು ಕಿಟಕಿ ಇಡಿಸಬಾರದೇ ಎಂದು ಕೇಳಿಕೊಂಡು ಬಂದ.

ಚೌಡ ನಕ್ಕು, ಇಡಿಸಿದ.