ಸೀಳಿದ ಗಂಟೆ

“ಒಮ್ಮೆ ಕೆಲಸ ಕೆಡಿಸಿದ ಕೈಯನ್ನು ಜನ ಮತ್ತೆ ನಂಬುವರೇ, ಗುರುಗಳೇ?” ಎಂದು ಮರುಳಯ್ಯ ಕೇಳಿದ.

ಗುರು ಮೂಳೆ ಕಟ್ಟುವ ವೈದ್ಯರು. ಮರುಳಯ್ಯ ಅವರ ಬಳಿ ಆರು ವರ್ಷ ಕಲಿತು, ಹಿಂದಿನ ತಿಂಗಳಷ್ಟೇ ಒಂದು ಊರಿಗೆ ಹೋಗಿ ನೆಲೆಸಿದ್ದ. ಅಲ್ಲಿ ನೇಯುವ ಹೆಂಗಸೊಬ್ಬಳ ಮುರಿದ ಮುಂಗೈ ಕಟ್ಟಿದ. ಎಂಟನೆಯ ದಿನ ಕಟ್ಟು ಬಿಚ್ಚಿ ನೋಡಿದರೆ ಕೈ ಸೊಟ್ಟಗೆ ಕೂತಿತ್ತು. ಊರವರು ಬಾಯಿಗೆ ಬಂದಂತೆ ಅಂದರು. ಅವನು ಅಂದೇ ಗಂಟುಮೂಟೆ ಕಟ್ಟಿಕೊಂಡು ಗುರುಗಳ ಬಳಿಗೆ ಮರಳಿ ಬಂದ. ಬಂದು ಐದು ದಿನವಾಗಿತ್ತು. ನಿಂತರೂ ಅದೇ ಮಾತು, ಕೂತರೂ ಅದೇ ಮಾತು.

ಗುರುವಿಗೆ ರೇಗಿತ್ತು. ಆದರೂ ಕತೆ ಹೇಳಿದರು.

ಹೊಳೆಯ ದಡದಲ್ಲಿ ಅಂಬಿಗರ ಊರೊಂದಿತ್ತು. ಮಂಜು ಮುಸುಕಿದ ಬೆಳಗುಗಳಲ್ಲಿ ದಡದ ಮೇಲೆ ಗಂಟೆ ಬಾರಿಸುತ್ತಿದ್ದರು. ಆ ಸದ್ದು ಹಿಡಿದು ದೋಣಿಗಳು ದಡ ಸೇರುತ್ತಿದ್ದವು. ಗಂಟೆ ಹಳತಾದಾಗ ಒಬ್ಬ ಕಂಚುಗಾರನಿಗೆ ಅದನ್ನೇ ಕರಗಿಸಿ ಹೊಸದನ್ನು ಎರೆಯಲು ಹೇಳಿದರು. ಅವನು ಕರಗಿದ ಕಂಚನ್ನು ಅಚ್ಚಿಗೆ ಎರೆದ. ಊರಿಗೆ ಊರೇ ನೋಡಲು ನೆರೆದಿತ್ತು. ಆ ಹೆಮ್ಮೆಯ ಉಬ್ಬಿನಲ್ಲಿ, ಕಂಚು ಆರುವ ಮೊದಲೇ ಅಚ್ಚು ಒಡೆದ. ಗಂಟೆ ಎಲ್ಲರೆದುರು ಸೀಳಿತು. ಜನ ನಕ್ಕರು.

ಅವನು ಸೀಳಿದ ಗಂಟೆಯನ್ನು ಬಾಗಿಲಲ್ಲಿ ಇಟ್ಟುಕೊಂಡು ಕೂತ. ಕುಲುಮೆಗೆ ಬೆಂಕಿ ಹಾಕಲಿಲ್ಲ. ಬಂದವರಿಗೆಲ್ಲ ತನ್ನ ಸೋಲಿನ ಪುರಾಣ ಬಿಚ್ಚಿದ. ಅವರು ಅಯ್ಯೋ ಪಾಪ ಅಂದರು. ನಾಚಿಕೆಗೆಟ್ಟವನಿಗೆ ಅದು ರುಚಿಸತೊಡಗಿತು. ಅಷ್ಟರಲ್ಲಿ ಮಂಜಿನ ಕಾಲ ಬಂತು. ದಡ ಯಾವ ಕಡೆಗೆಂದು ತಿಳಿಯದೆ ಒಂದು ದೋಣಿ ಬಂಡೆಗೆ ಬಡಿಯಿತು. ಅಂಬಿಗ ಮುಳುಗಿ ಸತ್ತ.

ಅಂಬಿಗನ ತಾಯಿ ಕಂಚುಗಾರನ ಬಾಗಿಲಿಗೆ ಬಂದಳು.

“ನನ್ನ ಕೈ ಸೋತಿದೆ ತಾಯಿ. ಮಾನ ಹೋಗಿದೆ,” ಎಂದ ಅವನು.

“ನಿನ್ನ ಮಾನ ವಿಚಾರಿಸೋಕೆ ನಾನು ಬಂದಿಲ್ಲ. ಇನ್ನೂ ಏಳು ದೋಣಿ ಹೊಳೆ ಮೇಲಿವೆ. ಕಂಚು ಸೀಳಿದರೆ ಕರಗಿಸ್ತಾರೆ ಕಣಪ್ಪ, ಎದುರಿಗಿಟ್ಟುಕೊಂಡು ಅಳ್ತಾರಾ?”

ಅವನು ಅಂದೇ ಕುಲುಮೆ ಹೊತ್ತಿಸಿದ. ಆ ಕಂಚನ್ನೇ ಕರಗಿಸಿ ಎರೆದ. ಆ ಗಂಟೆಯಲ್ಲಿ ತೂತುಗಳು ಬಿದ್ದಿದ್ದವು. ಜನ ಮತ್ತೆ ನಕ್ಕರು. ನಗುವವರು ನಗಲಿ ಎಂದು ಮತ್ತೆ ಕರಗಿಸಿದ. ಈ ಸಲ ಯಾರು ಎಷ್ಟು ಅವಸರಪಡಿಸಿದರೂ, ಅಚ್ಚು ಪೂರ್ತಿ ತಣ್ಣಗಾಗುವವರೆಗೆ ಅದನ್ನು ಮುಟ್ಟಲಿಲ್ಲ. ಆ ಗಂಟೆಯ ಸದ್ದು ಆಚೆ ದಡಕ್ಕೂ ಕೇಳಿತು.

ಗುರು ಕತೆ ನಿಲ್ಲಿಸಿದರು. ಮರುಳಯ್ಯನ ಎದೆ ಹಗುರವಾಯಿತು. ಐದು ದಿನದಲ್ಲಿ ಮೊದಲ ಬಾರಿಗೆ ಅವನು ತಲೆ ಎತ್ತಿದ.

“ಹಾಗಾದರೆ ನನ್ನ ಹೆಸರೂ ಒಂದು ದಿನ ಸರಿಹೋಗುತ್ತದೆ, ಗುರುಗಳೇ,” ಎಂದ.

ಗುರು ಎದ್ದು ಅವನ ಗಂಟುಮೂಟೆಯನ್ನು ತಂದು ಅವನ ಮುಂದೆ ಹಾಕಿದರು.

“ನಿನ್ನ ಹೆಸರು ಸುಡಲಿ, ಮೂಳೆ ಗಟ್ಟಿಯಾಗುವುದರೊಳಗೆ ಆ ಹೆಂಗಸಿನ ಕೈ ನೆಟ್ಟಗೆ ಮಾಡುವವರು ಯಾರು?”