ಹಗ್ಗ ಹಿಡಿದ ತಮ್ಮ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಸಿಟ್ಟು ಬಂದದ್ದರಿಂದ ಮೈ ನಡುಗುತ್ತದೆಯೋ, ಮೈ ನಡುಗಿದ್ದನ್ನು ಕಂಡು ಮನಸ್ಸು ಅದನ್ನು ಸಿಟ್ಟು ಎಂದುಕೊಳ್ಳುತ್ತದೆಯೋ?”

ಗುರುಗಳು ಒಂದು ಕತೆ ಹೇಳಿದರು.

ಬಾವಿ ತೋಡುವ ಅಣ್ಣತಮ್ಮ ಇಬ್ಬರಿದ್ದರು. ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗಿಳಿಯುತ್ತಿದ್ದ, ತಮ್ಮ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಆಳದಲ್ಲಿ ಉಸಿರು ಕಟ್ಟಿದವನು ಕೂಗಲಾರ. ಆದ್ದರಿಂದ ತಮ್ಮ ಕೂಗಿಗೆ ಕಾಯುತ್ತಿರಲಿಲ್ಲ. ಹಗ್ಗ ಒಂದಿಷ್ಟು ಅದುರಿದರೂ ಸಾಕು, ಎಳೆದುಬಿಡುತ್ತಿದ್ದ. ಎಷ್ಟೋ ಸಲ ಸುಮ್ಮಸುಮ್ಮನೆ ಎಳೆದು ಕೆಲಸ ಕೆಡಿಸುತ್ತಿದ್ದ. ಅಣ್ಣ ಗೊಣಗುತ್ತಿದ್ದನೇ ಹೊರತು ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟವನಲ್ಲ.

ಒಂದು ದಿನ ಅಣ್ಣ ಮೇಲೆ ಬರುತ್ತಿದ್ದಾಗ ತಮ್ಮನ ಕೈಯಲ್ಲಿ ಹಗ್ಗ ಜಾರಿತು. ಅಣ್ಣ ಆಳುದ್ದ ಕುಸಿದು, ನಡುವೆ ತೂಗಾಡಿ, ಹೇಗೋ ದಂಡೆ ಹತ್ತಿದ. ಜೀವ ಬಾಯಿಗೆ ಬಂದಿತ್ತು. ತಲೆಯೆತ್ತಿ ನೋಡಿದರೆ ತಮ್ಮ ನಗುತ್ತಿದ್ದ. ತಡೆಯಲಾರದೆ, ಬಿಕ್ಕಿ ಬಿಕ್ಕಿ ನಗುತ್ತಿದ್ದ. ಅವನ ಅಂಗೈ ಸುಲಿದು ರಕ್ತ ಸುರಿಯುತ್ತಿತ್ತು. ಅಣ್ಣ ಕಂಡದ್ದು ಹಲ್ಲನ್ನು ಮಾತ್ರ.

ಹೆದರಿದೆ ಎಂದು ಒಪ್ಪಿಕೊಳ್ಳುವುದು ಯಾರಿಗೆ ತಾನೇ ಇಷ್ಟ? ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಎದುರಿಗೆ ನಗುವವನೊಬ್ಬ ಸಿಕ್ಕಿದ. ಇದು ಸಿಟ್ಟು ಎಂದುಕೊಂಡ. ಎಂದುಕೊಂಡದ್ದೇ ತಡ, ಅದು ಸಿಟ್ಟೇ ಆಯಿತು.

“ನಾನು ಸತ್ತರೆ ನಿನಗೆ ಹಬ್ಬವೇನೋ? ಇನ್ನು ನನ್ನ ಹಗ್ಗ ಮುಟ್ಟಬೇಡ,” ಎಂದ.

“ಇಲ್ಲ ಅಣ್ಣಾ...” ಎಂದ ತಮ್ಮ. ಆ ಹಾಳು ನಗು ಮಾತ್ರ ನಿಲ್ಲಲಿಲ್ಲ.

ಅಣ್ಣ ಕೂಲಿಗೆ ಒಬ್ಬನನ್ನು ಇಟ್ಟುಕೊಂಡ. ಒಳ್ಳೆಯವನೇ, ತೋಳಿನಲ್ಲಿ ಬಲವಿದ್ದವನು. ಕೂಗಿದಾಗ ಎಳೆ ಎಂದಷ್ಟೇ ಅವನಿಗೆ ಹೇಳಿದ್ದ. ಮುಂದಿನ ಬಾವಿಯ ತಳದಲ್ಲಿ ಅಣ್ಣನಿಗೆ ಉಸಿರು ಕಟ್ಟಿತು. ಹಗ್ಗ ಅದುರಿತು. ಕೂಲಿಯವನು ಕೂಗು ಬರಲಿ ಎಂದು ಕಾದ.

ಸುದ್ದಿ ತಿಳಿದು ತಮ್ಮ ಓಡಿ ಬಂದ. ಹೆಣವನ್ನು ಮೇಲಕ್ಕೆಳೆದವನು ಅವನೇ. ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ, ಕುಳಿತವನು ನಗತೊಡಗಿದ. ಸುತ್ತ ನಿಂತವರು ಥೂ ಎಂದು ಉಗುಳಿ ಹೋದರು. ಆಮೇಲೆ ಆ ಊರಿನಲ್ಲಿ ಯಾರೂ ಅವನನ್ನು ಮಾತನಾಡಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು.

“ಒಡಹುಟ್ಟಿದವನ ಹೆಣ ತೊಡೆಯ ಮೇಲಿರುವಾಗ ನಗುವುದೇ? ಅವನೂ ಒಬ್ಬ ಮನುಷ್ಯನೇ, ಗುರುಗಳೇ?” ಎಂದ.

ಗುರುಗಳು ಅವನನ್ನೇ ನೋಡಿ ಹೇಳಿದರು: “ನೀನೂ ಅದನ್ನು ನಗು ಎಂದೇ ಕರೆದೆಯಲ್ಲ.”