ಹಾಡಿಗೆ ಹಾಕಿದ ಬೀಗ

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಅದರ ಪಕ್ಕದ ಮನೆಯಲ್ಲಿ ನೀಲಗಂಗವ್ವ ಇದ್ದಳು. ಐವತ್ತು ವರ್ಷ ಊರೂರು ತಿರುಗಿ ಗೀಗೀ ಪದ ಹಾಡಿದವಳು. ಕಲಿಯಲು ಬಂದ ಯಾರನ್ನೂ ಬರಿಗೈಲಿ ಕಳಿಸಿದವಳಲ್ಲ.

ಒಂದು ಬೆಳಿಗ್ಗೆ ಅವಳ ಹಳೆಯ ಶಿಷ್ಯ ಯಮನೂರ ಬಂದ. ಪ್ರಾಸ ಕಟ್ಟುವುದನ್ನೂ ಉಸಿರು ಹಿಡಿಯುವುದನ್ನೂ ಅವಳಿಂದ ಕಲಿತು, ಈಗ ಹುಬ್ಬಳ್ಳಿಯಲ್ಲಿ ರ‍್ಯಾಪ್ ಹಾಡುತ್ತಿದ್ದ. ಯಾವ ಕಂಪನಿಯ ಹಂಗೂ ಇರಲಿಲ್ಲ. ತಾನೇ ಬರೆದು, ತಾನೇ ಹಾಡಿ, ತಾನೇ ಮಂದಿಯ ಫೋನಿಗೆ ಮುಟ್ಟಿಸುತ್ತಿದ್ದ.

“ಅವ್ವಾರ, ಹಾಡೂದು ಬಿಡತೀನಿ” ಎಂದ.

ಅವಳು ಅವನ ಮುಂದೆ ರೊಟ್ಟಿ ಇಟ್ಟಳು. “ಯಾಕ?”

“ಲಕ್ಷಗಟ್ಟಲೆ ಮಂದಿ ಕೇಳ್ಯಾರ. ಪುಕ್ಕಟೆ ಸಿಗೂದಕ್ಕ ಯಾರು ರೊಕ್ಕ ಕೊಡತಾರ? ಮೆಣಸಿನಕಾಯಿ ತೊಟ್ಟು ಬಿಡಿಸೂ ಕೂಲಿಗೆ ಹೋಗೂದು ತಪ್ಪಸತೀನಿ ಅಂತ ನಮ್ಮವ್ವಗ ಮಾತು ಕೊಟ್ಟಿದ್ದೆ. ಆಕಿ ಇನ್ನೂ ಹೋಗಾಕತ್ಯಾಳ. ಅದಕ್ಕ ಹತ್ತು ದಿನದ ಹಿಂದ ಎಲ್ಲಾ ಹಾಡಿಗೂ ಬೀಗ ಹಾಕೀನಿ. ರೊಕ್ಕ ಕೊಟ್ಟವರಷ್ಟ ಕೇಳಲಿ.”

“ಎಷ್ಟು ಮಂದಿ ಬಂದ್ರು?”

“ಒಬ್ಬರೂ ಬರಲಿಲ್ಲ. ಸೋಮವಾರದಿಂದ ನಮ್ಮ ಮಾವನ ಸಿಮೆಂಟ್ ಅಂಗಡ್ಯಾಗ ಕೂಡತೀನಿ.”

“ಹಾಡಾಕ ಕರದವರು ಏನು ಕೊಡತಾರ?”

ಯಮನೂರ ತಲೆ ತಗ್ಗಿಸಿದ. “ಏನೂ ಇಲ್ಲ. ಬಾ, ಹೆಸರು ಬರತದ ಅಂತಾರ. ಹೋಗಿ ಹಾಡಿ ಬರತೀನಿ. ಪ್ರೀತಿಯಿಂದ ಕರದವರ ಹತ್ರ ರೊಕ್ಕದ ಮಾತು ಹೆಂಗ ಆಡೂದು? ನಾಚಿಕಿ ಬರತದ.”

ನೀಲಗಂಗವ್ವ ಗೂಟಕ್ಕೆ ತೂಗುಹಾಕಿದ್ದ ದಪ್ಪು ಇಳಿಸಿ ಅವನ ಕೈಗಿಟ್ಟಳು.

“ಆಚೆ ದಂಡ್ಯಾಗ ನೇಕಾರರು ಇವತ್ತು ಹೊಸ ಸಭಾಭವನ ತೆರೀತಾರ. ನನ್ನ ಕರದಾರ. ಇದನ್ನ ಹಿಡಕೊಂಡು ಬಾ.”

ದೋಣಿ ಇಳಿದು ದಂಡೆ ಏರುವಾಗ ಬಟ್ಟೆ ಒಗೆಯುವ ಹೆಂಗಸರ ದನಿ ಕೇಳಿಸಿತು. ನೀಲಗಂಗವ್ವ ಕಟ್ಟಿದ ಪದವನ್ನೇ ಹಾಡುತ್ತಿದ್ದರು. ನಡುನಡುವೆ ಮಾತು ಬದಲಾಗಿತ್ತು.

“ಅವ್ವಾರ, ಅದು ನಿಮ್ಮ ಪದ.”

“ಹೌದು.”

“ತಪ್ಪು ತಪ್ಪು ಹಾಡತಾರ. ಒಂದು ಪೈಸಾನೂ ಕೊಟ್ಟಿಲ್ಲ. ನಿಮಗ ಹೊಟ್ಟಿ ಉರಿಯೂದಿಲ್ಲೇನು?”

“ಈ ಊರವರು ನನ್ನ ಯಾಕ ಕರದ್ರು?”

ಯಮನೂರ ತಿರುಗಿ ಆ ಹೆಂಗಸರ ಕಡೆ ನೋಡಿದ.

ಸಭಾಭವನದ ಬಾಗಿಲಲ್ಲಿ ನೇಕಾರರ ಸಂಘದ ಅಧ್ಯಕ್ಷೆ ದಾಕ್ಷಾಯಣಿ ಕಾದಿದ್ದಳು. ನೀಲಗಂಗವ್ವನ ಕಾಲು ಮುಟ್ಟಿ, ಕೈಗೊಂದು ಲಕೋಟೆ ಕೊಟ್ಟಳು. ನೀಲಗಂಗವ್ವ ಅಲ್ಲೇ ಅದನ್ನು ತೆರೆದು ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಮಾತಾಡಿದಷ್ಟ ಅದ. ಛಲೋ ಆತು” ಎಂದಳು.

ನಾಚಿಕೆಪಟ್ಟವನು ಯಮನೂರ. ದಾಕ್ಷಾಯಣಿ ನಗುನಗುತ್ತಲೇ ಅವರನ್ನು ಒಳಗೆ ಕರೆದೊಯ್ದಳು.

ನೀಲಗಂಗವ್ವ ಎರಡು ಪದ ಹಾಡಿದಳು. ಆಮೇಲೆ ಶಿಷ್ಯನ ಕಡೆ ಕೈ ತೋರಿಸಿದಳು. “ನನ್ನ ಗಂಟಲ ಒಣಗ್ಯದ. ಉಳಿದದ್ದು ಇವ ಹಾಡತಾನ.”

ತಾನು ದಪ್ಪು ತೆಗೆದುಕೊಂಡು ಬಾರಿಸತೊಡಗಿದಳು.

ಯಮನೂರನಿಗೆ ಬೇರೆ ದಾರಿ ಇರಲಿಲ್ಲ. ತಾಯಿಯ ಮೇಲೆ ಕಟ್ಟಿದ ಹಾಡು ಎತ್ತಿಕೊಂಡ. ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಂದ ಅವ್ವನ ಹಾಡು ಅದು.

ಎರಡನೆಯ ಸಾಲಿಗೇ ಹಿಂದೆ ಕೂತಿದ್ದ ನೇಕಾರ ಹೆಂಗಸರ ದನಿಗಳು ಸೇರಿದವು. ಮೂರನೆಯ ಸಾಲಿಗೆ ಇಡೀ ಭವನ ಹಾಡುತ್ತಿತ್ತು.

ಉರಿಯುವ ಕೈಯಿಂದ ಅವ್ವ ಮಗನ ಮುಖ ಮುಟ್ಟಲಾರದೆ ಹೋದ ಸಾಲು ಬಂತು. ಯಮನೂರ ಆ ಸಾಲು ಮುಗಿಸಲಿಲ್ಲ. ಅವನು ನಿಂತ. ಹೆಂಗಸರು ನಿಲ್ಲಲಿಲ್ಲ. ಕೊನೆಯ ತನಕ ಅವರೇ ಹಾಡಿದರು.

ದಾಕ್ಷಾಯಣಿ ಅವನ ಹತ್ತಿರ ಬಂದಳು. “ಈ ಹಾಡು ನಿಂದೇನು ತಮ್ಮಾ? ಮಗ್ಗದ ಮುಂದ ಕುಂತಾಗ ದಿನಾ ಹಚ್ಚತಿದ್ವಿ. ಹತ್ತು ದಿನ ಆತು, ಸಿಗವಲ್ದು. ಹಾಡಿದಂವಗ ಏನರ ಆತೋ ಏನೋ ಅಂತ ಚಿಂತಿ ಮಾಡಾಕತ್ತಿದ್ವಿ.”

“ನಂದೇ ಅಕ್ಕಾರ. ಬೀಗ ಹಾಕಿದಂವನೂ ನಾನ.”

“ದೀಪಾವಳಿ ಆದಮ್ಯಾಲ ನಮ್ಮ ಸಂಘದ ವಾರ್ಷಿಕ ಸಭೆ ಅದ. ಹಾಡಾಕ ಬರತೀಯೇನು?”

“ಬರತೀನಿ” ಎಂದ ಯಮನೂರ. ಎಂದವನು ಗುರುವಿನ ಕಡೆ ನೋಡಿದ. ಅವಳು ದಪ್ಪಿಗೆ ಬಟ್ಟೆ ಸುತ್ತುತ್ತಿದ್ದಳು.

“ಬರತೀನಿ. ಆದ್ರ ಅಕ್ಕಾರ...”

ಒಂದೇ ಉಸಿರಿನಲ್ಲಿ ನಲವತ್ತು ಮಾತು ಹೇಳುವವನಿಗೆ ಮುಂದಿನ ನಾಲ್ಕು ಮಾತು ಹೊರಡಲಿಲ್ಲ. ನೀರು ಕುಡಿದ. ಆಮೇಲೆ ತನಗೆ ಇಷ್ಟು ಬೇಕು ಎಂದು ಹೇಳಿದ.

ದಾಕ್ಷಾಯಣಿ ಉಳಿದವರ ಹತ್ತಿರ ಹೋಗಿ ಮಾತಾಡಿದಳು. ಯಮನೂರ ನೆಲ ನೋಡುತ್ತ ನಿಂತ. ಅವಳು ತಿರುಗಿ ಬಂದಳು.

“ಆತು. ಆದ್ರ ನಮ್ಮ ಮಗ್ಗದ ಮ್ಯಾಲ ಒಂದು ಹೊಸಾ ಹಾಡು ಬೇಕು.”

ದೋಣಿ ಹತ್ತಿ ಕೂತ ಮೇಲೆ ಯಮನೂರ ದೀರ್ಘವಾಗಿ ಉಸಿರು ಬಿಟ್ಟ. ಹತ್ತು ದಿನದಿಂದ ಎದೆಯೊಳಗೆ ಕೂತಿದ್ದ ಭಾರ ಇಳಿದಂತಾಗಿ ತನ್ನಷ್ಟಕ್ಕೇ ನಕ್ಕ. ಫೋನು ತೆಗೆದು, ಒಂದೊಂದಾಗಿ ಎಲ್ಲಾ ಹಾಡುಗಳ ಬೀಗ ತೆಗೆದ.

“ಅವ್ವಾರ, ನಾ ಎಲ್ಲಿ ತಪ್ಪಿದೆ?”

“ತಿರಗೂದು ಹಾಡಿನ ಕೆಲಸ. ಅದನ್ನ ಕೂಡಿ ಹಾಕಿದಿ. ರೊಕ್ಕ ಕೇಳಬೇಕಾದ ನೀ ಪುಕ್ಕಟೆ ತಿರಗಿದಿ.”

ಯಮನೂರ ಫೋನನ್ನು ಕಿಸೆಗಿಟ್ಟ.

“ಮಾವನ ಅಂಗಡಿಗೆ ಏನು ಹೇಳಲಿ?”

“ಹಾಡಾಕ ಕರಿಯವರು ಇಲ್ಲದ ತಿಂಗಳದಾಗ ಬರತೀನಿ ಅನ್ನು. ನಾನೂ ಮಳಿಗಾಲದಾಗ ಮಂದಿ ಹೊಲದಾಗ ಕಳೆ ತಗದೀನಿ.”

ದೋಣಿ ದಂಡೆ ಮುಟ್ಟಿತು. ಯಮನೂರ ಮೊದಲು ಇಳಿದು, ಅವಳ ಕೈ ಹಿಡಿದು ಇಳಿಸಿದ. ಒಂದು ಅಳುಕು ಅವನೊಳಗೆ ಇನ್ನೂ ಉಳಿದಿತ್ತು.

“ಅವ್ವಾರ, ಅಷ್ಟು ಕೊಡಾಕ ಆಗೂದಿಲ್ಲ, ಬರಬ್ಯಾಡ ಅಂದಿದ್ರ?”

ನೀಲಗಂಗವ್ವ ಸೆರಗು ಸರಿಪಡಿಸಿಕೊಂಡಳು.

“ಅಂದಿದ್ರ ಮನಿಗೆ ಹೋಗಿ, ಇನ್ನೊಂದು ಹಾಡು ಕಟ್ಟಿ, ಊರೂರು ತಿರಗಾಕ ಬಿಡತಿದ್ದಿ.”